ಸೊಂಟಕ್ಕೂ ಬೇಕು ಸಾಮು



ನಾನು ವಾಸವಾಗಿರುವ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಬೆಳಗಾದರೆ ಗಂಡಸರು, ಹೆಂಗಸರು ಹಣ ಕೊಟ್ಟು ವ್ಯಾಯಾಮಶಾಲೆಗೆ ಹೋಗಿ ಕಬ್ಬಿಣ ಎತ್ತುತ್ತಾರೆ. ಹಳ್ಳಿಗಳಲ್ಲಿ ಇದನ್ನು ಹೇಳಿದರೆ ತಾವು ನಗುತ್ತೀರಿ. "ದಿನವೆಲ್ಲ ಬಗ್ಗಿ ದುಡಿಯುವ ನಮಗೆ ಬೇರೆ ಕಸರತ್ತು ಏಕೆ ಸ್ವಾಮಿ?" ಎನ್ನುತ್ತೀರಿ. ಈ ಮಾತನ್ನು ನಾನೂ ಬಹುಕಾಲ ಒಪ್ಪಿದ್ದೆ. ಈಗ ಒಪ್ಪುವುದಿಲ್ಲ.

ಬಗ್ಗಿ ದುಡಿದರೆ ಸೊಂಟ ದಣಿಯುತ್ತದೆಯೇ ಹೊರತು ಅಷ್ಟಾಗಿ ಬಲಿಯುವುದಿಲ್ಲ. ನಾಟಿ ಮಾಡುವಾಗ, ರಾಗಿ ಹೊಲದಲ್ಲಿ ಕಳೆ ಕೀಳುವಾಗ ಪೂರ್ತಿ ಬಗ್ಗಿ ನಿಂತರೆ ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳು ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತವೆ. ಮೈಭಾರವು ಎಲುಬುಗಳನ್ನು ಹಿಡಿದಿರುವ ನಾರುಕಟ್ಟುಗಳ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ಹೀಗೆ ಜಗ್ಗಿ ಸಡಿಲವಾದ ಸೊಂಟದ ಮೇಲೆಯೇ ಸಂಜೆ ಹುಲ್ಲಿನ ಹೊರೆ ಬರುತ್ತದೆ. ನಾಟಿ, ಕಳೆ, ಹುಲ್ಲು ಮೂರೂ ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸಗಳೆಂಬುದನ್ನು ಗಮನಿಸಿರಿ.

ಸ್ನಾಯು ಬಲಿಯಬೇಕಾದರೆ ಭಾರ ಕ್ರಮೇಣ ಏರಬೇಕು, ನಡುವೆ ವಿಶ್ರಾಂತಿ ಇರಬೇಕು. ನಮ್ಮ ಗರಡಿಮನೆಗಳಲ್ಲಿ ಸಣ್ಣ ಗುಂಡುಕಲ್ಲಿನಿಂದ ಆರಂಭಿಸಿ ದೊಡ್ಡದಕ್ಕೆ ಹೋಗುತ್ತಿದ್ದುದು ಇದೇ ಲೆಕ್ಕದಲ್ಲಿ. ಆದರೆ ಗರಡಿಗೆ ಹೋದವರು ಗಂಡಸರು ಮಾತ್ರ. ಹೆಂಗಸರಿಗೆ ಸಾಮು ಹಿಡಿಸದೆಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ತ್ರೀಪುರುಷರಿಬ್ಬರೂ ಇದ್ದರು. 12 ವಾರಗಳ ಕಾಲ ವಾರಕ್ಕೊಮ್ಮೆ ಸೊಂಟಕ್ಕೆ ಕಸರತ್ತು ಕೊಟ್ಟವರು, ವಾರಕ್ಕೆ ಎರಡು ಮೂರು ಬಾರಿ ಮಾಡಿದವರಷ್ಟೇ ಬಲ ಗಳಿಸಿದರು. ಗೊಬ್ಬರ ಸುರಿದಷ್ಟೂ ಇಳುವರಿ ಏರುವುದಿಲ್ಲವಷ್ಟೆ!

ಅಲ್ಲಿ ಬಳಸಿದ್ದು ಸೊಂಟದ ಕೆಳಭಾಗವನ್ನು ಬಿಗಿಹಿಡಿಯುವ ವಿಶೇಷ ಯಂತ್ರ. ತಮಗೆ ಅದು ಬೇಡ. ಬೋರಲು ಮಲಗಿ ಕಾಲೆತ್ತುವ ಶಲಭಾಸನದಿಂದ ಆರಂಭಿಸಬಹುದು. ಅದು ಸಲೀಸಾದ ಮೇಲೆ ನಾಲ್ಕೈದು ಕಿಲೋ ರಾಗಿಯ ಗಂಟನ್ನು ಎದೆಗೆ ಅವುಚಿಕೊಂಡು ಬಸ್ಕಿ ಹೊಡೆಯಿರಿ; ಕೆಲವು ವಾರಗಳಿಗೊಮ್ಮೆ ಕಿಲೋ ಏರಿಸಿರಿ. ನಾಟಿಯ ದಿನಗಳಲ್ಲಿ ಬೇಡ. ನೋವು ಕಾಲಿಗೆ ಇಳಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿರಿ.

ಇಷ್ಟು ಮಾಡಿದರೆ ಎಂತಹ ಭಾರವನ್ನೂ ಹೊರಬಹುದೆಂದು ಅರ್ಥವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ವಯಸ್ಕ ಗಂಡಸಿಗೆ 55 ಕಿಲೋ ಮಿತಿ ಶಿಫಾರಸು ಮಾಡಿ, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕೆಂದಿತು. ಯೂರಿಯಾ ಚೀಲ 2018ರಲ್ಲಿ 45 ಕಿಲೋಗೆ ಇಳಿಯಿತು, ಡಿ.ಎ.ಪಿ. ಚೀಲ 50 ಕಿಲೋ ಇದೆ. ಅದನ್ನು ಎರಡು ಪಾಲು ಮಾಡಿ ಹೊರಲು ನಾಚುವವರನ್ನು ನಾನು ಕಂಡಿದ್ದೇನೆ. ಇನ್ನು ಬಿತ್ತನೆ, ನಾಟಿಗಳನ್ನು ಸಾಲಿನಲ್ಲಿ ಮಾಡಿದ್ದಾದರೆ ಉದ್ದ ಹಿಡಿಯ ಸಲಕರಣೆಯಿಂದ ನಿಂತುಕೊಂಡೇ ಕಳೆ ತೆಗೆಯಬಹುದು. ಮುಂದಿನ ಹಂಗಾಮಿಗೆ ಮನೆಯ ಹೆಂಗಸರನ್ನು ಕೇಳಿಯೇ ಸಲಕರಣೆಯ ಹಿಡಿಯ ಉದ್ದ ಗೊತ್ತುಮಾಡಿರಿ.