ಬ್ಯಾಟರಿಯ ಗುಂಡಿ

ನಮ್ಮ ಯಾದಗಿರಿ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಅದರ ಗುಂಡಿ ಪಕ್ಕದಲ್ಲಿರಬೇಕು, ಬುಡದಲ್ಲಲ್ಲ. ಇದು ನನ್ನ ಹಟವೆಂದು ಮಗ ನಗುತ್ತಾನೆ. ಕರೆಂಟು ಹೋದ ರಾತ್ರಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಹಿತ್ತಲಿಗೆ ಹೋದವನೇನು ಅವನು? ನಾರಾಯಣಪುರ ಕಾಲುವೆಯಿಂದ ಗದ್ದೆಯಾದ ಶಹಾಪುರ, ಸುರಪುರದ ಹೊಲಗಳಲ್ಲಿ ರಾತ್ರಿ ನೀರು ಕಟ್ಟುವವಳಿಗೂ ಇದೇ ಪಾಡು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬ್ಯಾಟರಿ.

ಇಳಿಬಿಟ್ಟ ಕೈಯಲ್ಲಿ ಹಿಡಿದರೆ ಹೆಬ್ಬೆರಳು ತಾನಾಗಿ ಪಕ್ಕದ ಗುಂಡಿಗೆ ಬರುತ್ತದೆ. ಬುಡದ ಗುಂಡಿ ಒತ್ತಲು ಭರ್ಚಿಯಂತೆ ಭುಜದ ಮಟ್ಟಕ್ಕೆ ಎತ್ತಬೇಕು. ಪೊಲೀಸರಿಗೆ ಅದು ಸರಿ, ಅವರು ನೋಡುವುದು ಮುಖ. ನಾವು ನೋಡುವುದು ನೆಲ. ಕಲ್ಲುಸಂದಿಯ ಚೇಳು ಭುಜದೆತ್ತರದಲ್ಲಿ ಓಡಾಡುವುದಿಲ್ಲ.

ಹಳೆಯ ತಗಡಿನದಕ್ಕೂ ದೋಷವಿತ್ತು, ಒಪ್ಪುತ್ತೇನೆ. ಒಳಗಿನ ಹಿತ್ತಾಳೆ ಪಟ್ಟಿ ಕಿಲುಬು ಹಿಡಿದರೆ ಅಂಗೈಗೆ ಎರಡು ಬಡಿದ ಮೇಲೇ ಬೆಳಕು. ಆದರೆ ಗುಂಡಿ ಮುಂದೆ ಜಾರಿದ್ದರೆ ಹತ್ತಿದೆ, ಹಿಂದಿದ್ದರೆ ಆರಿದೆ, ಬೆರಳಿಗೇ ತಿಳಿಯುತ್ತಿತ್ತು. ಮಗ ತಂದ ಎಲ್‌ಇಡಿಯದೋ, ಒಮ್ಮೆ ಒತ್ತಿದರೆ ಜೋರು, ಮತ್ತೊಮ್ಮೆ ಮಂದ, ಮೂರನೆಯದಕ್ಕೆ ಮಿಣಮಿಣ. ಹೋದ ಮಳೆಗಾಲದಲ್ಲಿ ಆ ಮಿಣಮಿಣದಲ್ಲೇ ಕಾಲಬಳಿ ಏನೋ ಸರಿದುಹೋಯಿತು. ಕಪ್ಪೆಯೋ ಹಾವೋ, ಇಂದಿಗೂ ಗೊತ್ತಿಲ್ಲ.

ಮರುದಿನವೇ ಬಜಾರಿಗೆ ಹೋಗಿ ಪಕ್ಕದ ಗುಂಡಿಯದನ್ನು ಕೇಳಿದೆ. "ಅದು ಹಳೇ ಮಾಡಲ್ ಆತ್ರಿ ಅಕ್ಕಾ" ಎಂದ ಅಂಗಡಿಯವ.

"ನನ್ನ ಹೆಬ್ಬಟ್ಟೂ ಹಳೇದೇ ಅದ, ತೆಗಿಯೋ ತಮ್ಮಾ" ಎಂದೆ.