ಬ್ರಹ್ಮಾವರದಲ್ಲೊಬ್ಬ ದಕ್ಷಿಣ ಆಫ್ರಿಕಾ ಫ್ಯಾನ್

ನವೆಂಬರ್ 26, ಬುಧವಾರ. ಗುವಾಹಟಿ ಟೆಸ್ಟ್‌ನಲ್ಲಿ ಭಾರತ 408 ರನ್‌ಗಳಿಂದ ಸೋತ ದಿನ. ಅದಕ್ಕೂ ಮುಂಚೆ ಕೋಲ್ಕತ್ತದಲ್ಲಿ 124 ಹೊಡೆಯಲಾಗದೆ 93ಕ್ಕೆ ಆಲೌಟ್ ಆಗಿದ್ದೆವು. ಸಂಜೆ ಟೀಮ್ ಮೀಟಿಂಗ್‌ಗೆ ಲಾಗಿನ್ ಆದರೆ ಮ್ಯಾನೇಜರ್ ಮೊದಲು ಕೇಳಿದ್ದು ರಿಲೀಸ್ ಬಗ್ಗೆ ಅಲ್ಲ. "ಏನ್ ಸಾರ್, ನಿಮ್ಮ ದೇಶ ಗೆದ್ದಿದೆ. ಸ್ವೀಟ್ ಎಲ್ಲಿ?"

ನಿಮ್ಮ ದೇಶ ಅಂತೆ. ನಾನು ಬ್ರಹ್ಮಾವರದವ. ಪಾಸ್‌ಪೋರ್ಟ್‌ನಲ್ಲಿ ಈವರೆಗೆ ಬಿದ್ದಿರೋದು ಒಂದೇ ಸೀಲು, ಅದೂ ಸಿಂಗಾಪುರದ್ದು. ಡರ್ಬನ್ ಎಲ್ಲಿದೆ ಅಂತ ಮ್ಯಾಪಲ್ಲಿ ತೋರಿಸಬಲ್ಲೆ, ಅಷ್ಟೇ. ಆದರೂ ಇಪ್ಪತ್ತೆರಡು ವರ್ಷಗಳಿಂದ ನಾನು ದಕ್ಷಿಣ ಆಫ್ರಿಕಾ ತಂಡದ ಕಡೆಯವ. ಇದನ್ನು ಹೊಸಬರಿಗೆ ವಿವರಿಸುವಷ್ಟರಲ್ಲಿ ಕಾಫಿ ಆರಿ ಹೋಗುತ್ತೆ. ಹಾಗಾಗಿ ಒಮ್ಮೆ ಬರೆದಿಟ್ಟುಬಿಡ್ತೇನೆ, ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯ್ತು.

ಶುರುವಾಗಿದ್ದು 2003ರ ವಿಶ್ವಕಪ್‌ಗೆ. ನನಗೆ ಎಂಟು ವರ್ಷ. ನಮ್ಮ ಮನೇಲಿ ಆಗ ಆಂಟೆನಾ ಮಾತ್ರ; ಗಾಳಿ ಬಂದಾಗೆಲ್ಲ ಒಬ್ಬರು ಹೊರಗೆ ಹೋಗಿ ಕಂಬ ತಿರುಗಿಸಬೇಕು, ಒಳಗಿಂದ ಇನ್ನೊಬ್ಬರು "ಬಂತ್, ಬಂತ್... ಹೋಯ್ತ್" ಅಂತ ಕೂಗಬೇಕು. ಕೇಬಲ್ ಇದ್ದದ್ದು ದೊಡ್ಡಪ್ಪನ ಮನೇಲಿ. ಅಲ್ಲಿ ಮೂವರು ಅಣ್ಣಂದಿರು. ಕೊಯ್ಲಾದ ಗದ್ದೇಲಿ ಆಡುವಾಗ ಒಬ್ಬೊಬ್ಬರು ಒಂದೊಂದು ದೇಶ. ದೊಡ್ಡಣ್ಣನಿಗೆ ಭಾರತ, ಅದರಲ್ಲಿ ಚರ್ಚೆಯೇ ಇಲ್ಲ. ಎರಡನೆಯವ ಆಸ್ಟ್ರೇಲಿಯಾ ಹಿಡಿದ. ಮೂರನೆಯವನಿಗೆ ನ್ಯೂಜಿಲೆಂಡ್ ಜರ್ಸಿಯ ಬಣ್ಣ ಇಷ್ಟ. ಉಳಿದದ್ದು ನನಗೆ. "ವಿಶ್ವಕಪ್ ಆಪುದೇ ಅವ್ರ ಊರಲ್ಲ್, ಗೆಲ್ಲುದೂ ಅವ್ರೇ. ನಿಂಗೇ ಲಾಭ ಮಾಣಿ" ಅಂದ ದೊಡ್ಡಣ್ಣ. ನಾನು ನಂಬಿದೆ.

ಮಾರ್ಚ್ 3ಕ್ಕೆ ಡರ್ಬನ್‌ನಲ್ಲಿ ಶ್ರೀಲಂಕಾ ವಿರುದ್ಧ ಪಂದ್ಯ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಮೇಲಿಂದ ಹಗಲು-ರಾತ್ರಿ ಪಂದ್ಯ. ಅರ್ಧದಲ್ಲೇ ನಿದ್ದೆ ಬಂತು. ಬೆಳಿಗ್ಗೆ ಅಪ್ಪಯ್ಯನ ಹತ್ರ ಕೇಳಿದೆ. "ಟೈ ಆಯ್ತ್" ಅಂದರು. ಸೋತಿಲ್ಲವಲ್ಲ ಅಂತ ಖುಷಿಯಿಂದ ಶಾಲೆಗೆ ಹೋದೆ. ಟೈ ಆದರೂ ಮನೆಗೆ ಹೋಗಬೇಕಾಗುತ್ತೆ ಅನ್ನೋದು ಸಂಜೆ ಅಣ್ಣಂದಿರ ನಗೆಯಲ್ಲಿ ಗೊತ್ತಾಯ್ತು.

ಆವತ್ತು ಏನಾಗಿತ್ತು ಅನ್ನೋದು ಪೂರ್ತಿ ಅರ್ಥ ಆಗಿದ್ದು ಕೋಡ್ ಬರೆಯೋಕೆ ಕಲಿತ ಮೇಲೆ. ಮಳೆ ಬರೋ ಲಕ್ಷಣ ಇದ್ದಾಗ ಡಕ್ವರ್ತ್-ಲೂಯಿಸ್ ಲೆಕ್ಕದ ಒಂದು ಹಾಳೆ ತಂಡದ ಕೈಯಲ್ಲಿರುತ್ತೆ. ಇಷ್ಟು ಓವರ್, ಇಷ್ಟು ವಿಕೆಟ್ ಹೋದಾಗ ಇಷ್ಟು ರನ್ ಇರಬೇಕು ಅಂತ. 45 ಓವರ್ ಮುಗಿದಾಗ ಅದರಲ್ಲಿದ್ದ ಸಂಖ್ಯೆ 229. ಅದು ಸಮ ಆಗುವ ಸ್ಕೋರು; ಗೆಲ್ಲೋಕೆ 230 ಬೇಕು. ತಂಡ 229 ಅಂದರೆ ಗೆಲುವು ಅಂತ ಓದಿಕೊಂಡಿತ್ತು. ಮಾರ್ಕ್ ಬೌಷರ್ ಆ ಓವರಿನ ಐದನೇ ಎಸೆತಕ್ಕೆ ಮುರಳೀಧರನ್‌ಗೆ ಸಿಕ್ಸರ್ ಹೊಡೆದು 229 ಮಾಡಿ, ಕೊನೆಯ ಎಸೆತವನ್ನು ನೆಮ್ಮದಿಯಿಂದ ತಟ್ಟಿ ನಿಲ್ಲಿಸಿದ. ಮಳೆ ಜೋರಾಯ್ತು. ಪಂದ್ಯ ಸಮ. ವಿಶ್ವಕಪ್ ನಡೆಸಿಕೊಟ್ಟ ದೇಶವೇ ಮೊದಲ ಸುತ್ತಿನಲ್ಲಿ ಹೊರಗೆ.

"ಹೆಚ್ಚು" ಅಂತ ಬರೆಯಬೇಕಾದಲ್ಲಿ "ಹೆಚ್ಚು ಅಥವಾ ಸಮ" ಅಂತ ಬರೆದರೆ ಏನಾಗುತ್ತೆ ಅಂತ ನಮ್ಮ ಕೆಲಸದವರಿಗೆ ಹೇಳಬೇಕಾಗಿಲ್ಲ. ಆಫ್-ಬೈ-ಒನ್ ಎರರ್. ನಾನೂ ಮಾಡಿದ್ದೇನೆ, ಅದೂ ಶುಕ್ರವಾರ ಸಂಜೆ, ಪ್ರೊಡಕ್ಷನ್‌ನಲ್ಲಿ. ಆದರೆ ನನ್ನ ತಪ್ಪನ್ನು ಜಗತ್ತು ಟಿವಿಯಲ್ಲಿ ನೋಡಲಿಲ್ಲ.

ಟಿವಿಗೂ ಈ ತಂಡಕ್ಕೂ ಏನೋ ಹಳೇ ಋಣಾನುಬಂಧ. ಆ ದೇಶಕ್ಕೆ ಟಿವಿ ಬಂದಿದ್ದೇ 1976ರ ಜನವರಿಯಲ್ಲಿ, ದೆಹಲಿಗೆ ಬಂದು ಹದಿನಾರು ವರ್ಷ ಆದ ಮೇಲೆ. ದುಡ್ಡಿಲ್ಲದೆ ಅಲ್ಲ, ಅಲ್ಲಿನ ಬಿಳಿಯರ ಸರಕಾರಕ್ಕೇ ಬೇಡವಾಗಿತ್ತು. ಟಿವಿ ಬಂದಾಗ ತೋರಿಸೋಕೆ ಅಂತಾರಾಷ್ಟ್ರೀಯ ಕ್ರಿಕೆಟ್ ಇರಲಿಲ್ಲ. ವರ್ಣಭೇದ ನೀತಿಯಿಂದಾಗಿ 1970ರಿಂದ ಅವರನ್ನು ಹೊರಗಿಟ್ಟಿದ್ದರು. ಮತ್ತೆ ಒಳಗೆ ಬಂದದ್ದು ನಮ್ಮ ನೆಲದಲ್ಲಿ, 1991ರ ನವೆಂಬರ್ 10ಕ್ಕೆ, ಈಡನ್ ಗಾರ್ಡನ್ಸ್‌ನಲ್ಲಿ. ಆ ಪಂದ್ಯಗಳನ್ನು ತಮ್ಮ ದೇಶದಲ್ಲಿ ತೋರಿಸೋಕೆ ಪ್ರಸಾರದ ಹಕ್ಕಿಗೆ ಎಷ್ಟು ಕೊಡಬೇಕು ಅಂತ ದಕ್ಷಿಣ ಆಫ್ರಿಕಾದವರು ಕೇಳಿದಾಗಲೇ, ಇದು ಮಾರಬಹುದಾದ ವಸ್ತು ಅಂತ ನಮ್ಮ ಮಂಡಳಿಗೆ ಹೊಳೆದದ್ದು ಅನ್ನೋ ಕಥೆ ಇದೆ. ಇವತ್ತು ಐಪಿಎಲ್‌ನಲ್ಲಿ ಓವರ್ ಮುಗಿದ ಕೂಡಲೇ ಪಾನ್ ಮಸಾಲಾ ಜಾಹೀರಾತು ಬಂದರೆ, ಅದರ ಬೇರು ಸ್ವಲ್ಪ ಅಲ್ಲೂ ಇದೆ.

ಮರುವರ್ಷ ಸಿಡ್ನಿಯ ಸೆಮಿಫೈನಲ್. 13 ಎಸೆತಕ್ಕೆ 22 ರನ್ ಬೇಕು ಅನ್ನುವಾಗ ಹನ್ನೆರಡು ನಿಮಿಷ ಮಳೆ ಬಂತು. ಮಳೆ ನಿಂತು ಆಟ ಶುರುವಾದಾಗ ದೊಡ್ಡ ಬೋರ್ಡಿನ ಮೇಲೆ 1 ಎಸೆತ, 22 ರನ್. ಅಸಲಿಗೆ ಬೇಕಿದ್ದದ್ದು 21. ಸಂಕಟದಲ್ಲೂ ಲೆಕ್ಕ ತಪ್ಪು. ಅದೇ ನವೆಂಬರಿನಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಟಿವಿ ನೋಡಿ ಔಟ್ ಕೊಡುವ ಮೂರನೇ ಅಂಪೈರ್ ಬಂದ. ಅವನಿಗೆ ಬಲಿಯಾದ ಮೊದಲ ಬ್ಯಾಟ್ಸ್‌ಮನ್ ನಮ್ಮ ಸಚಿನ್, ಚೆಂಡು ಎಸೆದವ ಜಾಂಟಿ ರೋಡ್ಸ್. 1993ರ ಹೀರೋ ಕಪ್‌ನಲ್ಲಿ ಯಾರು ತೋರಿಸಬೇಕು ಅಂತ ದೂರದರ್ಶನದ ಕಡೆಯವರಿಗೂ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಜಗಳ. ಸೆಮಿಫೈನಲ್‌ನ ಕೊನೇ ಓವರಿಗೆ ಆರು ರನ್ ಬೇಕಿದ್ದಾಗ ಸಚಿನ್ ಬೌಲ್ ಮಾಡಿ ಮೂರೇ ಕೊಟ್ಟ. ಸೋತದ್ದು ಯಾರು ಅಂತ ಬೇರೆ ಹೇಳಬೇಕೆ? ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು, ಸರಕಾರದ ಏಕಸ್ವಾಮ್ಯ ಅಲ್ಲ ಅಂತ 1995ರಲ್ಲಿ ತೀರ್ಪು ಬಂತು. ನಾನು ಹುಟ್ಟಿದ ವರ್ಷ. ಇದನ್ನೆಲ್ಲ ನಾನು ಓದಿದ್ದು ಆಫೀಸಿನಲ್ಲಿ, ಬಿಲ್ಡ್ ಮುಗಿಯೋದನ್ನ ಕಾಯುತ್ತಾ.

ಬೆಂಗಳೂರಿಗೆ ಬಂದ ಮೇಲೆ ನನ್ನ ಕಾಯಿಲೆಗೆ ಸ್ವಲ್ಪ ಗೌರವ ಸಿಕ್ಕಿತು. ಆರ್‌ಸಿಬಿ ದಯೆ. ಕಾಲಿಸ್, ಬೌಷರ್, ಸ್ಟೇನ್ ಮೊದಲ ವರ್ಷವೇ ಬಂದಿದ್ದರು. 2011ರಿಂದ 2021ರ ತನಕ ಎಬಿ ಡಿವಿಲಿಯರ್ಸ್. 2015ರ ನವೆಂಬರಿನಲ್ಲಿ ಅವನ ನೂರನೇ ಟೆಸ್ಟ್ ಬಿದ್ದದ್ದು ಚಿನ್ನಸ್ವಾಮಿಯಲ್ಲೇ. ಎದುರಾಳಿ ಭಾರತ, ಆದರೂ ಸ್ಟೇಡಿಯಂ "ಎಬಿಡಿ, ಎಬಿಡಿ" ಅಂತ ಕೂಗುತ್ತಿತ್ತು. ನಾನು ಆಗ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಟಿವಿ ಮುಂದೆ ಕುಳಿತಿದ್ದೆ. ಆವತ್ತು ಒಂದು ದಿನಕ್ಕೆ ಇಡೀ ರಾಜ್ಯ ನನ್ನ ಕಡೆ. 85 ಹೊಡೆದ. ಉಳಿದ ನಾಲ್ಕು ದಿನ ಮಳೆ. ಈ ತಂಡಕ್ಕೂ ಮಳೆಗೂ ಏನು ಜಾತಕ ದೋಷವೋ.

ಎಲ್ಲರೂ ಕೇಳೋ ಪ್ರಶ್ನೆಗೆ ಬರ್ತೇನೆ. ಭಾರತದ ವಿರುದ್ಧ ಆಡಿದರೆ ಯಾರ ಕಡೆ? ಬೇಕಾದಷ್ಟು ಸಲ ತಮಾಷೆ ಮಾಡಿ ತಪ್ಪಿಸಿಕೊಂಡಿದ್ದೇನೆ. 2024ರ ಜೂನ್ 29ರ ರಾತ್ರಿ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ಟಿ20 ವಿಶ್ವಕಪ್ ಫೈನಲ್, ಬಾರ್ಬಡೋಸ್. ಫ್ಲ್ಯಾಟಿನಲ್ಲಿ ಎಂಟು ಜನ, ಏಳು ನೀಲಿ ಜರ್ಸಿ. ಕ್ಲಾಸೆನ್ ಹೊಡೆದ ಹೊಡೆತಕ್ಕೆ 30 ಎಸೆತಕ್ಕೆ 30 ರನ್ ಅಂತಾಯ್ತು. ರೂಮು ಮೌನ. ಆ ಮೌನದಲ್ಲಿ ನನಗೆ ಖುಷಿಯಾಗಲಿಲ್ಲ. ರೋಹಿತ್ ಮುಖ ನೋಡಿ ಹೊಟ್ಟೆ ಕಿವುಚಿತು. ಆಮೇಲೆ ಸೂರ್ಯಕುಮಾರ್ ಬೌಂಡರಿ ಗೆರೆಯಲ್ಲಿ ಮಿಲ್ಲರ್‌ನ ಕ್ಯಾಚ್ ಹಿಡಿದಾಗ ಎಲ್ಲರ ಜೊತೆ ನಾನೂ ಎದ್ದು ಕುಣಿದೆ. ಕುಣಿದು ಬಾತ್‌ರೂಮಿಗೆ ಹೋಗಿ ಐದು ನಿಮಿಷ ನಲ್ಲಿ ಬಿಟ್ಟುಕೊಂಡು ನಿಂತೆ. ಎರಡೂ ನಿಜ. ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನ ಹತ್ರ ಇಲ್ಲ.

2025ರ ಜೂನ್ 3ಕ್ಕೆ ಆರ್‌ಸಿಬಿ ಹದಿನೆಂಟು ವರ್ಷ ಕಾದು ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ನಮ್ಮ ಟೀಮಿನ ಇಬ್ಬರು ಹುಡುಗರು ಮಧ್ಯಾಹ್ನವೇ ಮೆಟ್ರೋ ಹತ್ತಿ ಹೋಗಿದ್ದರು. ರಾತ್ರಿ ಎಂಟೂವರೆ ತನಕ ಇಬ್ಬರ ಫೋನೂ ಸಿಗಲಿಲ್ಲ. ಆಮೇಲೆ ಸಿಕ್ಕಿತು, ಏನೂ ಆಗಿರಲಿಲ್ಲ. ಆದರೆ ಆ ವಾರ ನನಗೆ ಕ್ರಿಕೆಟ್ ಬೇಡವಾಯ್ತು. ವರ್ಕ್ ಫ್ರಂ ಹೋಮ್ ಹಾಕಿ ಊರಿಗೆ ಹೋದೆ. ಅಪ್ಪಯ್ಯನೂ ಆ ವಿಷಯ ಎತ್ತಲಿಲ್ಲ. ಅವರು ನಿವೃತ್ತರಾದ ಮೇಲೆ ನಮ್ಮಿಬ್ಬರ ಮಧ್ಯೆ ಮಾತು ಅಂದರೆ ಸ್ಕೋರೇ. ಅದೂ ಇಲ್ಲದ ಮನೆ ಎಷ್ಟು ಸದ್ದಿಲ್ಲದ್ದು ಅಂತ ಆಗ ಗೊತ್ತಾಯ್ತು.

ಲಾರ್ಡ್ಸ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ನಡೀತಿತ್ತು, ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾ. ನೋಡಬಾರದು ಅಂತಿದ್ದೆ. ಮೂರನೇ ದಿನದ ಕೊನೆಗೆ 282ರ ಗುರಿಗೆ 2 ವಿಕೆಟಿಗೆ 213. ತೊಡೆಯ ಸ್ನಾಯು ಎಳೆದು ಕುಂಟುತ್ತಿದ್ದ ಬವುಮಾ, ಜೊತೆಗೆ ಮಾರ್ಕ್‌ರಮ್. ಜೂನ್ 14, ಶನಿವಾರ ಮಧ್ಯಾಹ್ನ ಊಟ ಮುಗಿಸಿ ಅಪ್ಪಯ್ಯ ತಾವಾಗೇ ಕೇಳಿದರು, "ಇವತ್ತ್ ಮ್ಯಾಚ್ ಹಾಕುದಿಲ್ಯಾ?"

ಹಾಕಿದೆ. ಬ್ರಹ್ಮಾವರದ ಜೂನ್ ಮಳೆ. ಮೂರು ಗಂಟೆಗೆ ಸರಿಯಾಗಿ ಪರದೆ ಮೇಲೆ "ನೋ ಸಿಗ್ನಲ್". ಡಿಶ್ ಟಿವಿಯ ಅಲೆ ಎರಡೂವರೆ ಸೆಂಟಿಮೀಟರ್ ಉದ್ದದ್ದು. ನಮ್ಮೂರಿನ ದಪ್ಪ ಹನಿಗಳು ಅದನ್ನು ದಾರಿಯಲ್ಲೇ ಹೀರಿ, ಚದುರಿಸಿಬಿಡುತ್ತವೆ. ಇಂಜಿನಿಯರ್ ಮಗ ಕಾರಣ ವಿವರಿಸಿದ. "ಸರಿ ಮಾಡ್ಲಿಕ್ಕಾತ್ತಾ?" ಅಂದರು. ಆಗೋದಿಲ್ಲ. ಮೊಬೈಲ್ ತೆಗೆದೆ. ಆರಿಂಚು ಪರದೆಯಲ್ಲಿ ಅವರಿಗೆ ಬ್ಯಾಟ್ಸ್‌ಮನ್ ಕಾಣಿಸಿದರೂ ಚೆಂಡು ಕಾಣೋದಿಲ್ಲ. "ನೀ ಹೇಳ್, ನಾ ಕೇಂತೆ" ಅಂತ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಹೀಗೆ ನಾನು ಎರಡು ಗಂಟೆ ಕುಂದಗನ್ನಡದಲ್ಲಿ ಕಾಮೆಂಟ್ರಿ ಹೇಳಿದೆ. ಅಮ್ಮ ಹಲಸಿನ ಹಪ್ಪಳ ತಂದಿಟ್ಟು, "ಯಾರಿಗ್ ಹೇಳ್ತಿದ್ದೆ, ಅವ್ರ್ ನಿದ್ದಿ ಮಾಡ್ತಿದ್ರ್" ಅಂದರು. ನಿದ್ದೆ ಮಾಡಿರಲಿಲ್ಲ. ಬವುಮಾ ಔಟಾದಾಗ ಕಣ್ಣು ಮುಚ್ಚಿಕೊಂಡೇ "ಛೆ" ಅಂದರು.

ತೊಂದರೆ ಏನಂದರೆ ಮೊಬೈಲಿನ ಚಿತ್ರ ಅರ್ಧ ನಿಮಿಷ ತಡ. ದುಬೈನಲ್ಲಿರೋ ಎರಡನೇ ಅಣ್ಣ, ಅದೇ ಆಸ್ಟ್ರೇಲಿಯಾದವ, ಟಿವಿಯಲ್ಲಿ ನೋಡುತ್ತಾ ವಾಟ್ಸಾಪ್ ಮಾಡುತ್ತಿದ್ದ. ಆರು ರನ್ ಬೇಕು ಅನ್ನುವಾಗ ಮೇಲಿಂದ ಮೆಸೇಜ್ ಇಳಿಯಿತು: "ಮಾರ್ಕ್‌ರಮ್ ಔಟ್. ಶುರುವಾಯ್ತು ನೋಡು." ಪರದೆ ಮೇಲೆ ಮಾರ್ಕ್‌ರಮ್ ಇನ್ನೂ ಗ್ಲೌಸ್ ಸರಿ ಮಾಡಿಕೊಳ್ಳುತ್ತಿದ್ದಾನೆ, 136ರಲ್ಲಿ. 1999ರಲ್ಲಿ ಒಂದೇ ರನ್ ಬೇಕಿದ್ದಾಗ ಡೊನಾಲ್ಡ್ ಬ್ಯಾಟ್ ಬಿಟ್ಟು ಓಡಿದ್ದು, 2015ರಲ್ಲಿ ಎಲಿಯಟ್ ಸಿಕ್ಸರ್ ಹೊಡೆದ ಮೇಲೆ ಸ್ಟೇನ್ ನೆಲದ ಮೇಲೆ ಮಲಗಿದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಪ್ಪಯ್ಯನಿಗೆ ಹೇಳಲೋ ಬೇಡವೋ? ಗೊತ್ತಿಲ್ಲದವನ ಹಾಗೆ "ಹೇಝಲ್‌ವುಡ್ ಓಡಿ ಬತ್ತಿದ್ದ..." ಅಂತ ಮುಂದುವರಿಸಿದೆ.

"ಔಟಾ?" ಅಂದರು ಅಪ್ಪಯ್ಯ.

"ಇನ್ನೂ ಬಾಲೇ ಹಾಕ್ಲಿಲ್ಲ ಅಪ್ಪಯ್ಯ."

"ನಿನ್ ಸ್ವರ ಬಿದ್ದೋಯ್ತಲ್ಲ ಮಾಣಿ."

ಸಂಜೆ ಐದು ಕಾಲರ ಸುಮಾರಿಗೆ ವೆರೇನ್ ಗೆಲುವಿನ ರನ್ ಹೊಡೆದ. ಐದು ವಿಕೆಟ್ ಜಯ. 1998ರಲ್ಲಿ ಢಾಕಾದಲ್ಲಿ ಗೆದ್ದ ಮೇಲೆ ಮೊದಲ ಐಸಿಸಿ ಕಪ್ಪು, ಇಪ್ಪತ್ತೇಳು ವರ್ಷಕ್ಕೆ. ಗೆಲುವು ನೋಡಿ ಅಭ್ಯಾಸ ಇಲ್ಲದ ನನಗೆ ಏನು ಮಾಡಬೇಕು ಅಂತ ತಿಳಿಯದೆ ಹಪ್ಪಳ ತಿಂದೆ. ಅಪ್ಪಯ್ಯ ಮಂದಾರ್ತಿ ಮೇಳದ ಆಟ ಬಿಡದವರು. ನಾನು ಪ್ರತಿ ಸಲ ಸೋತು ಮುಖ ಹಾಕಿಕೊಂಡಾಗ, "ಅಭಿಮನ್ಯು ಬದುಕ್ತಾ ಅಂದೇಳಿ ಯಾರೂ ಆಟಕ್ಕೆ ಹೋಪುದಿಲ್ಲ, ಆದ್ರೂ ಹೋತ್ರ್" ಅಂತಿದ್ದರು. ಆವತ್ತು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಭಿಮನ್ಯು ಹೊರಗೆ ಬಂದ ಅಲ್ದಾ?" ಅಂದರು. ಅಷ್ಟರಲ್ಲಿ ಸಿಗ್ನಲ್ ಬಂತು. ಅಮ್ಮ ಧಾರಾವಾಹಿ ಹಾಕಿದರು.

ನವೆಂಬರ್ 26ಕ್ಕೆ ವಾಪಸ್ ಬಂದರೆ, ಸ್ವೀಟ್ ಕೊಟ್ಟೆ. ಮರುದಿನ ಮೈಸೂರ್ ಪಾಕ್ ಒಯ್ದೆ. ಯಾರಿಗೂ ಬೇಸರ ಆಗದಿರಲಿ ಅಂತ, ಅದೇ ತಿಂಗಳ 2ಕ್ಕೆ ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾದವರನ್ನೇ ಸೋಲಿಸಿ ವಿಶ್ವಕಪ್ ಗೆದ್ದದ್ದಕ್ಕೂ ಇದೇ ಸ್ವೀಟು ಅಂತ ಸೇರಿಸಿದೆ. ವೊಲ್ವಾರ್ಟ್ ಆವತ್ತು 101 ಹೊಡೆದೂ ಸೋತಳು. ಅದರ ಬಗ್ಗೆ ಆಫೀಸಲ್ಲಿ ಏನೂ ಹೇಳಲಿಲ್ಲ.

ರಾತ್ರಿ ಅಪ್ಪಯ್ಯನ ಫೋನ್ ಬಂತು. ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಮಾಣಿ, ಈ ಸಲ ನಾವ್ ಸೋತದ್ದಾ, ಗೆದ್ದದ್ದಾ?"