ವಾದ್ಯದ ಮರಕ್ಕೆ ಮೊದಲ ಲೇಪ ಯಾವುದು?

ಪಿಯುಸಿ ಓದುವ ಹುಡುಗನೊಬ್ಬ ಬೇಸಿಗೆ ರಜೆಯಲ್ಲಿ ಬಡಗಿ ಕೆಲಸದ ಸೋದರಮಾವನ ಜೊತೆ ಕೂತು ಒಂದು ಗಿಟಾರ್ ಮಾಡಿದ್ದಾನೆ. ಮೇಲ್ಹಲಗೆ ಸ್ಪ್ರೂಸ್ ಮರದ್ದು, ಹಿಂಬದಿ ಮತ್ತು ಪಕ್ಕಗಳು ನಮ್ಮ ಬೀಟೆ. ಅಂಟು ಒಣಗಿದೆ, ಉಪ್ಪುಕಾಗದದ ಕೆಲಸವೂ ಮುಗಿದಿದೆ. ಈಗ ಮನೆಯಲ್ಲಿ ಚರ್ಚೆ ಶುರುವಾಗಿದೆ. ಮಾವ “ಸ್ಪಿರಿಟ್ ಪಾಲಿಷ್ ಹೊಡೆದರೆ ಸಾಕು” ಎನ್ನುತ್ತಾರೆ. ಪೇಂಟ್ ಅಂಗಡಿಯವರು “ಹೊಸ ಸೀಲರ್ ಬಂದಿದೆ, ಗಾಜಿನ ಹಾಗೆ ಹೊಳೆಯುತ್ತದೆ” ಎನ್ನುತ್ತಾರೆ. ಮರಕ್ಕೆ ಕೈತುಂಬ ದುಡ್ಡು ಸುರಿದ ತಂದೆಗೆ, ಇಷ್ಟು ದೂರ ಬಂದದ್ದು ಕೊನೆಯಲ್ಲಿ ಕೆಟ್ಟೀತೆಂಬ ಆತಂಕ. “ಸರ್, ಕೆಮಿಸ್ಟ್ರಿ ಏನು ಹೇಳುತ್ತದೆ?” ಎಂಬುದು ಹುಡುಗನ ಪ್ರಶ್ನೆ.

ಮೊದಲ ಲೇಪದ ಮಟ್ಟಿಗೆ ಮಾವ ಹೇಳಿದ್ದೇ ಸರಿ ಎಂಬುದು ನನ್ನ ಉತ್ತರ. ಕೊನೆಯ ಲೇಪದ ಮಾತು ಬೇರೆ.

ಮರ ಕಣ್ಣಿಗೆ ಗಟ್ಟಿ ಹಲಗೆಯಾಗಿ ಕಂಡರೂ ಅದು ಸೂಕ್ಷ್ಮ ಕೊಳವೆಗಳ ಕಟ್ಟು. ಬೇರಿನಿಂದ ನೀರನ್ನು ಮೇಲಕ್ಕೆ ಒಯ್ದ ಅವೇ ಕೊಳವೆಗಳು, ಮರ ಸತ್ತ ಮೇಲೆ, ನಾವು ಬಳಿಯುವ ಬಣ್ಣವನ್ನೂ ವಾರ್ನಿಷನ್ನೂ ಹೀರಿಕೊಳ್ಳುತ್ತವೆ. ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಕೊಳವೆಯ ಬಾಯಿ ತೆರೆದಿರುವ ಕಡೆ ಹೆಚ್ಚು ಹೀರಿ ಕಪ್ಪಾಗುತ್ತದೆ, ಉಳಿದ ಕಡೆ ಬಿಳಿಚಿಕೊಳ್ಳುತ್ತದೆ. ಈ ಬಾಯಿಗಳನ್ನು ತೆಳುವಾಗಿ ಮುಚ್ಚುವ ಮೊದಲ ಲೇಪವೇ ಸೀಲರ್. ಮಿಕ್ಕ ಮರದ ತುಂಡೊಂದರ ಅರ್ಧಕ್ಕೆ ಈ ಲೇಪ ಕೊಟ್ಟು, ಒಣಗಿದ ಮೇಲೆ ಎರಡೂ ಅರ್ಧಗಳ ಮೇಲೆ ಒಂದೊಂದು ಹನಿ ಶಾಯಿ ಬಿಡಿ. ಒಂದು ಕಡೆ ಹನಿ ಹರಡಿ ಇಂಗುತ್ತದೆ, ಇನ್ನೊಂದು ಕಡೆ ಉಬ್ಬಿ ನಿಲ್ಲುತ್ತದೆ.

ಮೇಜಿಗಾದರೆ ಯಾವ ಸೀಲರ್ ಆದರೂ ನಡೆದೀತು. ವಾದ್ಯದ ಕಥೆ ಹಾಗಲ್ಲ. ಗಿಟಾರಿನ ಮೇಲ್ಹಲಗೆಯ ದಪ್ಪ ಸುಮಾರು 2ರಿಂದ 3 ಮಿಲಿಮೀಟರ್. ತಂತಿ ಮಿಡಿದಾಗ ನಡುಗಿ ಗಾಳಿಯನ್ನು ಅಲುಗಿಸುವುದು ಈ ಹಲಗೆಯೇ. ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹೊದಿಕೆ ಕೂರಿಸಿದರೆ ತೂಕವೂ ಹೆಚ್ಚುತ್ತದೆ, ಕಂಪನದ ಶಕ್ತಿಯೂ ಹೊದಿಕೆಯೊಳಗೇ ಸೋರಿಹೋಗುತ್ತದೆ. ಕಂಬಳಿ ಹೊದ್ದವನು ಕೂಗಿದಂತೆ! ತೆಳುವಾಗಿದ್ದೂ ಗಟ್ಟಿಯಾಗಿ ಕೂರುವ ಲೇಪ ಬೇಕು. ಅರಗು ಅಂಥದ್ದು.

ಅರಗು ನಮಗೆ ಹೊಸದಲ್ಲ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ಮಕ್ಕಳಿಗೂ ಗೊತ್ತು. ಕೆರಿಯಾ ಲ್ಯಾಕಾ ಎಂಬ ಪುಟ್ಟ ಕೀಟ ಮುತ್ತುಗ, ಬೋರೆ, ಕುಸುಮ್ ಮುಂತಾದ ಮರಗಳ ಎಳೆಯ ರೆಂಬೆಗಳಿಗೆ ಅಂಟಿಕೊಂಡು ರಸ ಹೀರುತ್ತದೆ. ತನ್ನ ಸುತ್ತ ರಾಳದ ಕವಚ ಕಟ್ಟಿಕೊಳ್ಳುತ್ತದೆ. ಆ ರಾಳವನ್ನು ಕೆರೆದು, ತೊಳೆದು, ಕರಗಿಸಿ, ಸೋಸಿ, ತೆಳು ಹಾಳೆಯಾಗಿ ಎಳೆದು ಒಡೆದರೆ ಸಿಗುವ ಚಕ್ಕೆಯೇ ಚಪಡಾ, ಅಂದರೆ ಶೆಲ್ಲಾಕ್. ಜಾರ್ಖಂಡ್ ಇದರ ತವರು. ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ 1924ರಷ್ಟು ಹಿಂದೆಯೇ ಅರಗಿನ ಸಂಶೋಧನಾ ಸಂಸ್ಥೆ ಆರಂಭವಾಯಿತು. ವಿನೈಲ್ ಬರುವ ಮುಂಚಿನ ಗ್ರಾಮಫೋನ್ ತಟ್ಟೆಗಳಲ್ಲಿ ಪುಡಿಗಳನ್ನು ಹಿಡಿದಿಟ್ಟಿದ್ದೂ ಇದೇ ಅರಗು. ನಿಮ್ಮ ಅಜ್ಜ ಕೇಳಿದ ಸಂಗೀತಕ್ಕೂ ಈ ಹುಳುವಿನ ಉಪಕಾರವಿದೆ!

ಈಗ ನಿಜವಾದ ರಸಾಯನಶಾಸ್ತ್ರಕ್ಕೆ ಬರೋಣ. ಲೇಪಗಳು ಒಣಗುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಅಗಸೆ ಎಣ್ಣೆಯಂಥ ಎಣ್ಣೆ ವಾರ್ನಿಷ್ ಗಾಳಿಯ ಆಮ್ಲಜನಕದೊಡನೆ ಸೇರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಇದು ರಾಸಾಯನಿಕ ಬದಲಾವಣೆ. ಅರಗಿನ ದ್ರಾವಣದಲ್ಲಿ ಸ್ಪಿರಿಟ್ ಆವಿಯಾಗುತ್ತದೆ, ಕರಗಿದ್ದ ಅರಗು ಹಾಗೇ ಉಳಿಯುತ್ತದೆ; ಇದು ಭೌತಿಕ ಬದಲಾವಣೆ. ಎಂಟನೇ ತರಗತಿಯ ಪಾಠವೆಂದು ಹಗುರವಾಗಿ ನೋಡಬೇಡಿ. ಬೀಟೆ ಮರದ ವಿಷಯದಲ್ಲಿ ಇಡೀ ಕೆಲಸ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಬೀಟೆಯ ಒಳಗೆ ಸಹಜವಾದ ಎಣ್ಣೆಯಂಥ ವಸ್ತುಗಳಿವೆ. ಅವು ಆಮ್ಲಜನಕದ ಕ್ರಿಯೆಯನ್ನು ತಡೆಯುತ್ತವೆ. ಮರಕ್ಕೆ ಹುಳ ಹಿಡಿಯದಿರಲು ಇಂಥ ವಸ್ತುಗಳೇ ನೆರವಾಗುತ್ತವೆ. ಆದರೆ ಎಣ್ಣೆ ವಾರ್ನಿಷಿಗೆ ಅವು ವೈರಿ. ಬರಿಯ ಬೀಟೆಗೆ ಎಣ್ಣೆ ವಾರ್ನಿಷ್ ಬಳಿದವರು ವಾರಗಟ್ಟಲೆ ಅಂಟಂಟು ಮುಟ್ಟಿ ನೋಡುತ್ತ ಕೂರಬೇಕಾದೀತು. ಅರಗಿಗೆ ಆಮ್ಲಜನಕದ ಹಂಗಿಲ್ಲವಾದ್ದರಿಂದ ಅದು ಬೀಟೆಯ ಮೇಲೂ ಎಂದಿನಂತೆ ಒಣಗುತ್ತದೆ. ಮೇಲೆ ಬರುವ ವಾರ್ನಿಷ್ ಮತ್ತು ಮರದ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್ ಬೀಟೆ ಸಿಗದಾಗಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿಸಿತು. ಪಶ್ಚಿಮ ಘಟ್ಟದ ಈ ಮರ ಇಂದು ಜಗತ್ತಿನ ಗಿಟಾರ್ ತಯಾರಕರಿಗೆಲ್ಲ ಪರಿಚಿತ, ಅದರ ಈ ಹಟಮಾರಿ ಗುಣವೂ ಅಷ್ಟೇ ಪರಿಚಿತ.

ಆದರೆ ಒಂದು ಎಚ್ಚರ. ಬೀಟೆಯ ನೇರಳೆ ಬಣ್ಣ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒದ್ದೆ ಬಟ್ಟೆಯನ್ನು ಬೀಟೆಯಿಂದ ಬಿಳಿ ಸ್ಪ್ರೂಸಿನ ಕಡೆಗೆ ಎಳೆದರೆ ಬಿಳಿ ಮರದ ಮೇಲೆ ಕಲೆ ಕೂರುತ್ತದೆ, ಮತ್ತೆ ಹೋಗದು. ಮೊದಲು ಬಿಳಿ ಮರಕ್ಕೂ ಅಂಚಿನ ಪಟ್ಟಿಗಳಿಗೂ ಸಣ್ಣ ಕುಂಚದಿಂದ ಅರಗು ಕೊಡಿ. ಅದು ಒಣಗಿದ ಮೇಲೆ ಬೇರೆ ಬಟ್ಟೆಯಿಂದ ಬೀಟೆಯ ಕೆಲಸ ಮಾಡಿ.

ಎಲ್ಲ ವಾದ್ಯಕ್ಕೂ ಅರಗೇ ಎಂದು ನಾನು ಹೇಳುತ್ತಿಲ್ಲ. ಸ್ಟ್ರಾಡಿವಾರಿಯ ಪಿಟೀಲುಗಳ ಗುಟ್ಟು ಅರಗಿನಲ್ಲಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ರಾನ್ಸಿನ ವಿಜ್ಞಾನಿಗಳು ಅವನ ಐದು ವಾದ್ಯಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮರಕ್ಕೆ ಮೊದಲು ಇಳಿದದ್ದು ಒಣಗುವ ಎಣ್ಣೆ. ಅದರ ಮೇಲಿನದು ಎಣ್ಣೆ ಮತ್ತು ಪೈನ್ ರಾಳದ ವಾರ್ನಿಷ್. 2022ರಲ್ಲಿ ಇಟಲಿಯಲ್ಲಿ ಪರೀಕ್ಷಿಸಿದ ಅವನ ಎರಡು ಪಿಟೀಲುಗಳಲ್ಲಿ ಮರಕ್ಕೂ ವಾರ್ನಿಷಿಗೂ ನಡುವೆ ಪ್ರೋಟೀನಿನ ತೆಳು ಪದರ ಕಂಡುಬಂತು. ಅರಗಿನ ಲೇಪ ಯುರೋಪಿನಲ್ಲಿ ಫ್ರೆಂಚ್ ಪಾಲಿಷ್ ಎಂಬ ಹೆಸರಿನಲ್ಲಿ ಹಬ್ಬಿದ್ದು 19ನೆಯ ಶತಮಾನದಲ್ಲಿ. ಸ್ಪೇನಿನ ಶಾಸ್ತ್ರೀಯ ಗಿಟಾರುಗಳಿಗೆ ಅದೇ ರೂಢಿಯಾಗಿ ಇಂದಿಗೂ ಉಳಿದಿದೆ.

ದ್ರಾವಣ ಮನೆಯಲ್ಲೇ ಮಾಡಿಕೊಳ್ಳಬಹುದು, ಅಂಗಡಿಯ ಹಳೆಯ ಡಬ್ಬಿಗಿಂತ ಅದೇ ಮೇಲು. 100 ಮಿಲಿಲೀಟರ್ ಸ್ಪಿರಿಟ್ಟಿಗೆ ಸುಮಾರು 10 ಗ್ರಾಂ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಡಿ, ಆಗಾಗ ಅಲುಗಿಸಿ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ಟರ್ಪೆಂಟೈನಿನಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ಅರಗು ಕರಗದು. ಅರಗಿನಲ್ಲಿ ನೂರಕ್ಕೆ ಐದರಷ್ಟು ಮೇಣ ಇರುತ್ತದೆ. ಬಾಟಲಿಯನ್ನು ಅಲುಗಿಸದೆ ಕೆಲವು ದಿನ ಬಿಟ್ಟರೆ ಅದು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ. ಮೇಣ ಉಳಿದ ಅರಗಿನ ಮೇಲೆ ಪಾಲಿಯುರಿಥೇನ್‌ನಂಥ ಲೇಪ ಸರಿಯಾಗಿ ಕಚ್ಚಿಕೊಳ್ಳದು.

ಬಾಟಲಿಗೆ ತಾರೀಖಿನ ಚೀಟಿ ಅಂಟಿಸಿ. ಅರಗಿನಲ್ಲಿರುವ ಆಮ್ಲಗಳು ಸ್ಪಿರಿಟ್ಟಿನ ಆಲ್ಕೋಹಾಲಿನೊಡನೆ ಮೆಲ್ಲಗೆ ಸೇರಿ ಎಸ್ಟರ್ ಆಗುತ್ತವೆ. ಪಿಯುಸಿಯವರು ಬರೆಯುವ ಸಮೀಕರಣವೇ. ಹೀಗೆ ಹಳತಾದ ದ್ರಾವಣ ಬಳಿದರೆ ಎಷ್ಟು ದಿನ ಕಾದರೂ ಮೆತ್ತಗೇ ಇರುತ್ತದೆ. ಅನುಮಾನ ಬಂದರೆ ಗಾಜಿನ ತುಂಡಿನ ಮೇಲೆ ಒಂದು ಹನಿ ಸವರಿ. ಮರುದಿನ ಉಗುರು ಒತ್ತಿದರೆ ಗುರುತು ಬಿದ್ದರೆ ಚೆಲ್ಲಿಬಿಡಿ.

ತಂದೆತಾಯಂದಿರಿಗೆ ಒಂದು ಮಾತು. ಪಾಲಿಷಿನ ಸ್ಪಿರಿಟ್ಟಿನಲ್ಲಿ ಮೆಥನಾಲ್ ಬೆರೆತಿರುತ್ತದೆ, ಅದು ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ. ಅದರ ಆವಿ ನಮ್ಮ ಕೋಣೆಯ ಉಷ್ಣತೆಯಲ್ಲೇ ಬೆಂಕಿ ಹಿಡಿಯಬಲ್ಲದು. ಕಿಟಕಿ ತೆರೆದಿರಲಿ, ಒಲೆಯೂ ದೇವರ ದೀಪವೂ ಹತ್ತಿರ ಬೇಡ, ದೊಡ್ಡವರೊಬ್ಬರು ಜೊತೆಗಿರಲಿ.

ಮಳೆಗಾಲದಲ್ಲಿ ಇನ್ನೊಂದು ತೊಡಕು. ಸ್ಪಿರಿಟ್ ಆವಿಯಾಗುವಾಗ ಮರದ ಮೈಯಿಂದ ಶಾಖ ಹೀರುತ್ತದೆ, ಮೈ ತಣ್ಣಗಾಗುತ್ತದೆ. ತೇವದ ಗಾಳಿ ಅದಕ್ಕೆ ತಾಗಿ ಇಬ್ಬನಿ ಕೂತು ಲೇಪ ಹಾಲಿನಂತೆ ಬಿಳುಪಾಗುತ್ತದೆ. ಮಲೆನಾಡಿನವರು ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಬಿಳುಪಾದರೂ ಗಾಬರಿ ಬೇಡ. ಒಣ ಹವೆಯ ದಿನ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಸವರಿದರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಹೊಸ ಪದರ ಹಳೆಯದನ್ನು ತುಸು ಕರಗಿಸಿ ಅದರೊಡನೆ ಒಂದಾಗುವುದು ಅರಗಿನ ದೊಡ್ಡ ಗುಣ. ಗೀರು ಬಿದ್ದ ವಾದ್ಯವನ್ನು ಐವತ್ತು ವರ್ಷದ ಮೇಲೂ ಸರಿಪಡಿಸಲು ಆಗುವುದು ಇದರಿಂದಲೇ.

ಅದೇ ಗುಣವೇ ದೋಷವೂ ಹೌದು. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅದು ಕರಗಿ ಹತ್ತುತ್ತದೆ. ಅರಗು ಕರಗಲು 75ರಿಂದ 80 ಡಿಗ್ರಿ ಸೆಲ್ಸಿಯಸ್ ಸಾಕು, ಮೆತ್ತಗಾಗಲು ಇನ್ನೂ ಕಡಿಮೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಂಥ ವಾದ್ಯ ಇಡಬಾರದು. ಸೋಪಿನ ಕ್ಷಾರ, ಬೆವರು, ಆಲ್ಕೋಹಾಲ್ ಯಾವುದೂ ಅರಗಿಗೆ ಆಗದು. 2020ರ ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲೇ ವಾದ್ಯ ಮುಟ್ಟಿದರೆ ಬೆರಳ ಗುರುತು ಅಚ್ಚೊತ್ತುತ್ತದೆ. ಆದ್ದರಿಂದಲೇ ಶಾಲೆಗೆ ಹೊತ್ತೊಯ್ಯುವ, ಹತ್ತು ಕೈ ಬದಲಾಗುವ ಗಿಟಾರಿಗೆ ಅರಗು ಸೀಲರ್ ಆಗಿರಲಿ, ಮೇಲೆ ತೆಳುವಾಗಿ ವಾರ್ನಿಷ್ ಇರಲಿ. ಮನೆಯಲ್ಲೇ ನುಡಿಸುವ ವಾದ್ಯಕ್ಕೆ ಪೂರ್ತಿ ಅರಗೇ ಸಾಕು.

ಲೇಪ ಕೊಡುವ ಮುನ್ನ ತಂತಿ ಕಟ್ಟುವ ಬ್ರಿಡ್ಜ್ ಕೂರುವ ಜಾಗವನ್ನು ಅಳೆದು, ಕಾಗದದ ಟೇಪಿನಿಂದ ಮುಚ್ಚಿಡಿ. ಅಂಟು ಹಿಡಿಯಬೇಕಾದದ್ದು ಬರಿಯ ಮರವನ್ನು, ಅರಗನ್ನಲ್ಲ. ತಂತಿಗಳು ಆ ಬ್ರಿಡ್ಜನ್ನು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತವೆ.